ಗೆಡ್ ಮತ್ತೆ ಮೇಕೆ ಕಾಯಲು ಹೋದ

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಸರಣಿಯ ಬಗ್ಗೆ, ಅಂದರೆ ಕಲ್ಪನೆಯ ದ್ವೀಪಲೋಕವೊಂದರಲ್ಲಿ ಗೆಡ್ ಎಂಬ ಮಂತ್ರಗಾರನ ಕಥೆ ಹೇಳುವ ಕಾದಂಬರಿಗಳ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಅದನ್ನು ನೋಡಿ ಪುಸ್ತಕ ಹುಡುಕಿ ತಂದು ಓದಿದವರು ಇಷ್ಟು ಜನ ಇದ್ದಾರೆ ಅಂತ ಗೊತ್ತಿರಲಿಲ್ಲ. ತುಂಬಾ ಖುಷಿಯಾಯಿತು. ಬಂದ ಪತ್ರಗಳಲ್ಲಿ ಹೆಚ್ಚಿನವು ನಾಲ್ಕನೇ ಪುಸ್ತಕ ‘ತೆಹಾನು’ ಬಗ್ಗೆಯೇ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ಕಥೆಯ ಕೊನೆಯೂ ಇದರಲ್ಲಿ ಬರುತ್ತದೆ. ಇನ್ನೂ ಓದದವರು ಪುಟ ಮಡಚಿಟ್ಟು ಪುಸ್ತಕ ಮುಗಿಸಿ ಬನ್ನಿ.

ಪ್ರಶ್ನೆ: ಮೇಡಂ, ಮೊದಲ ಮೂರು ಪುಸ್ತಕ ಹತ್ತು ದಿನದಲ್ಲಿ ಮುಗಿಸಿದೆ. ಪರೀಕ್ಷೆ ಹತ್ತಿರ ಇದ್ದರೂ ಕೆಳಗಿಡಲು ಆಗಲಿಲ್ಲ. ಗೆಡ್ ನನ್ನ ಹೀರೋ. ಆದರೆ ನಾಲ್ಕನೆಯದರಲ್ಲಿ ಅವನಿಗೆ ಮಂತ್ರಶಕ್ತಿಯೇ ಇಲ್ಲ. ರಾಜನ ಕಡೆಯವರು ಹುಡುಕಿಕೊಂಡು ಬಂದರೆ ಹೋಗಿ ಅಡಗುತ್ತಾನೆ. ಪುಸ್ತಕದ ತುಂಬ ಒಬ್ಬ ವಿಧವೆ, ಅವಳ ಅಡುಗೆಮನೆ, ಮೇಕೆ, ಪಾತ್ರೆ. ಸಮುದ್ರಯಾನ ಇಲ್ಲ, ಮಂತ್ರಗಳ ಕಾದಾಟ ಇಲ್ಲ. ಲೇಖಕಿ ತಾವೇ ಕಟ್ಟಿದ ಹೀರೋನನ್ನು ಯಾಕೆ ಹೀಗೆ ಮಾಡಿದರು? ಮೂರಕ್ಕೇ ನಿಲ್ಲಿಸಬಹುದಿತ್ತು ಅಲ್ವಾ?
– ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನಗೂ ಅಷ್ಟೇ ಸಿಟ್ಟು ಬಂದಿತ್ತು.

ಈ ಸರಣಿಯ ಮೊದಲ ಪುಸ್ತಕ ಬಂದದ್ದು 1968ರಲ್ಲಿ, ನಾನು ಹುಟ್ಟಿದ ವರ್ಷ. ಎರಡನೆಯದು 1971ರಲ್ಲಿ, ಮೂರನೆಯದು 1972ರಲ್ಲಿ. ಮೂರನ್ನೂ ನಾನು ಕಾಲೇಜಿನಲ್ಲಿದ್ದಾಗ ಲೈಬ್ರರಿಯಿಂದ ತಂದು ಓದಿದ್ದೆ. ಹನ್ನೆರಡು ವರ್ಷದ ಮೇಕೆ ಕಾಯುವ ಹುಡುಗ ಮಂಜು ಕರೆದು ಇಡೀ ಹಳ್ಳಿಯನ್ನು ಶತ್ರುಗಳ ಕಣ್ಣಿಗೆ ಬೀಳದಂತೆ ಮುಚ್ಚಿಬಿಡುವ ಜಾಗ ಇದೆಯಲ್ಲ, ಅದನ್ನು ತಮ್ಮನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೂರನೇ ಪುಸ್ತಕದ ಕೊನೆಯಲ್ಲಿ ಗೆಡ್ ಸತ್ತವರ ನಾಡಿಗೆ ಹೋಗಿ, ಜಗತ್ತಿನ ಮಂತ್ರವೆಲ್ಲ ಸೋರಿಹೋಗುತ್ತಿದ್ದ ಬಾಗಿಲನ್ನು ತನ್ನ ಶಕ್ತಿಯನ್ನೆಲ್ಲ ಸುರಿದು ಮುಚ್ಚುತ್ತಾನೆ. ಕಲೆಸಿನ್ ಎಂಬ ಡ್ರ್ಯಾಗನ್ ಬೆನ್ನೇರಿ ಊರಿಗೆ ಹೊರಡುತ್ತಾನೆ. ಅವನು ಮಾಡುವುದೆಲ್ಲ ಮುಗಿಯಿತು, ಇನ್ನು ಮನೆಗೆ ಹೋಗುತ್ತಾನೆ ಎಂದು ರೋಕ್ ದ್ವೀಪದ ಮಂತ್ರಗಾರರ ಶಾಲೆಯ ಬಾಗಿಲು ಕಾಯುವವನು ಹೇಳುತ್ತಾನೆ. ಎಷ್ಟು ಚೆಂದದ ಕೊನೆ! ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

‘ತೆಹಾನು’ ಬಂದದ್ದು 18 ವರ್ಷದ ಮೇಲೆ, 1990ರಲ್ಲಿ. ನನ್ನ ಕೈಗೆ ಸಿಕ್ಕಿದ್ದು 1994ರಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ. ಆಗಷ್ಟೇ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಎರಡೇ ರಾತ್ರಿಯಲ್ಲಿ ಓದಿ ಮುಗಿಸಿ, ನಿಮ್ಮ ಹಾಗೇ, ಯಾಕೆ ಬರೆದರಪ್ಪಾ ಇದನ್ನ ಅಂತ ಬೇಜಾರಾಗಿ ಕಪಾಟಿನ ಹಿಂದಿನ ಸಾಲಿಗೆ ತಳ್ಳಿದೆ.

ಅದನ್ನು ಮತ್ತೆ ಹೊರಗೆ ತೆಗೆಸಿದ್ದು ನಮ್ಮ ಅಪ್ಪ. ಆ ಕಥೆಯನ್ನು ಸ್ವಲ್ಪ ಹೇಳಬೇಕು.

ಅಪ್ಪ ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ಮಿನಿ ಬಸ್ಸಿನ ಡ್ರೈವರ್. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಮಳೆಗಾಲದಲ್ಲಿ ಅಲ್ಲಿ ಬೀಳುವ ಮಂಜು ನೋಡಿದವರಿಗೆ ಗೊತ್ತು. ಬಸ್ಸಿನ ಮೂತಿಯೇ ಕಾಣುವುದಿಲ್ಲ. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ನೀರು ಬೀಳುವ ಸದ್ದಿನ ಮೇಲೆ ಇದು ಎಷ್ಟನೇ ತಿರುವು ಅಂತ ಹೇಳುತ್ತಿದ್ದರು. ಸೋಮೇಶ್ವರಕ್ಕೆ ಇಳಿದ ಮೇಲೆ ಜನ ಅವರಿಗೆ ಕೈಮುಗಿದು ಇಳಿಯುವುದನ್ನು ನಾನೇ ನೋಡಿದ್ದೇನೆ. 1997ರಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಬಂತು. ವರ್ಷ ತುಂಬುವುದರೊಳಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣದಂತಾಯಿತು. ಆಗ ಅವರಿಗೆ 52.

ಕೆಲಸ ಹೋದದ್ದಕ್ಕಿಂತ ಜಾಸ್ತಿ ಅವರನ್ನು ತಿಂದದ್ದು ನಾಚಿಕೆ. ಜೊತೆಗಿದ್ದ ಕಂಡಕ್ಟರುಗಳು, ಬೇರೆ ಡ್ರೈವರುಗಳು ಪ್ರೀತಿಯಿಂದ ನೋಡಲು ಬರುತ್ತಿದ್ದರು. ಗೇಟಿನ ಸದ್ದಾದ ಕೂಡಲೇ ಅಪ್ಪ ಗೋಡೆ ಹಿಡಿದುಕೊಂಡು ಹಿತ್ತಲ ಕೊಟ್ಟಿಗೆಗೆ ಹೋಗಿ ನಿಂತುಬಿಡುತ್ತಿದ್ದರು. ಅಮ್ಮ, ‘ಇಲ್ಲೇ ಎಲ್ಲೋ ಹೋದ್ರು’ ಅಂತ ಸುಳ್ಳು ಹೇಳಿ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಒಂದು ಬೇಸಿಗೆ ರಜೆಯಲ್ಲಿ ಮನೆಯಲ್ಲಿದ್ದಾಗ ಇದನ್ನು ಕಣ್ಣಾರೆ ಕಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ‘ತೆಹಾನು’. ಗೆಡ್‌ನನ್ನು ಹೊಸ ರಾಜನ ಪಟ್ಟಾಭಿಷೇಕಕ್ಕೆ ಕರೆದೊಯ್ಯಲು ರಾಜನ ಹಡಗು ಗೆಡ್ ಹುಟ್ಟಿದ ಗಾಂಟ್ ದ್ವೀಪದ ಬಂದರಿಗೆ ಬರುತ್ತದೆ. ಈಗ ರಾಜನಾಗುತ್ತಿರುವ ಆ ಹುಡುಗನನ್ನು ಆ ದಾರಿಗೆ ಹಚ್ಚಿದವನೇ ಗೆಡ್. ರಾಜನ ಜನ ಗುಡ್ಡ ಹತ್ತಿ ಮನೆ ಬಾಗಿಲಿಗೇ ಬರುತ್ತಾರೆ. ಗೆಡ್ ಅಡಗುತ್ತಾನೆ. ನೀವು ಹೇಳಿದ ಆ ವಿಧವೆ, ಟೆನಾರ್, ಬಾಗಿಲಲ್ಲಿ ನಿಂತು ಬಂದವರ ಹತ್ತಿರ ಮಾತಾಡಿ, ಅವನ ಜಾಡು ಬಿಟ್ಟುಕೊಡದೆ ಕಳಿಸುತ್ತಾಳೆ. ಆಮೇಲೆ ಅವನು ಬೆಟ್ಟದ ಮೇಲಕ್ಕೆ ಮೇಕೆ ಕಾಯಲು ಹೋಗುತ್ತಾನೆ. 1994ರಲ್ಲಿ ಇದನ್ನು ಓದಿ ಇವನೇನು ಹೇಡಿಯೇ ಅಂದುಕೊಂಡಿದ್ದೆ. ಅದೇ ಪುಟ, ಅದೇ ಸಾಲು. ಕೊಟ್ಟಿಗೆಯಲ್ಲಿ ನಿಂತ ಅಪ್ಪನ ಬೆನ್ನು ನೋಡಿದ ಮೇಲೆ ಓದಿದರೆ ಕಣ್ಣಲ್ಲಿ ನೀರು.

ಅದಕ್ಕೇ ಹೇಳುತ್ತೇನೆ, ಲೆ ಗ್ವಿನ್ ಗೆಡ್‌ನನ್ನು ಕೆಳಗಿಳಿಸಿಲ್ಲ. ಮೂರನೇ ಪುಸ್ತಕ ಒಂದು ಬೆಲೆ ಹೇಳಿತು, ಇವನು ತನ್ನ ಶಕ್ತಿಯನ್ನೆಲ್ಲ ಕೊಟ್ಟ ಅಂತ. ಆದರೆ ಕೊಟ್ಟ ಮೇಲೆ ಮಾರನೇ ದಿನ ಬೆಳಗ್ಗೆ ಎದ್ದು ಅವನು ಏನು ಮಾಡುತ್ತಾನೆ ಅಂತ ಹೇಳಿರಲಿಲ್ಲ. ಡ್ರ್ಯಾಗನ್ ಮೇಲೆ ಕೂರಿಸಿ ಕಳಿಸಿತ್ತು. ನಾಲ್ಕನೆಯದು ಡ್ರ್ಯಾಗನ್ ಅವನನ್ನು ಇಳಿಸಿದ ಕ್ಷಣದಿಂದ ಅವನ ಕಥೆ ಹಿಡಿಯುತ್ತದೆ. ಪ್ರಜ್ಞೆ ಇಲ್ಲದೆ ಬಿದ್ದವನನ್ನು ಒಬ್ಬಳು ಮನೆಗೆ ಸಾಗಿಸಬೇಕು, ಗಂಜಿ ಕುಡಿಸಬೇಕು, ಬಟ್ಟೆ ಒಗೆಯಬೇಕು. ಆ ಕೆಲಸವನ್ನು ಮೊದಲ ಮೂರು ಪುಸ್ತಕಗಳಲ್ಲಿ ಯಾರು ಮಾಡುತ್ತಿದ್ದರು? ಯಾರೋ ಮಾಡುತ್ತಿದ್ದರು. ಕಥೆ ಅವರ ಕಡೆ ತಿರುಗಿ ನೋಡಿರಲಿಲ್ಲ.

ಲೆ ಗ್ವಿನ್ ಅವರಿಗೆ ಇದು ಗೊತ್ತಿತ್ತು. ಮೊದಲ ಪುಸ್ತಕದಲ್ಲೇ ಗಾಂಟ್ ಜನರ ಒಂದು ಗಾದೆ ಬರುತ್ತದೆ. ಹೆಂಗಸರ ಮಂತ್ರ ಅಂದರೆ ಬಲವಿಲ್ಲದ್ದು, ಕೆಟ್ಟದ್ದು ಎನ್ನುವ ಅರ್ಥದ್ದು. ರೋಕ್ ಶಾಲೆಗೆ ಹುಡುಗಿಯರಿಗೆ ಪ್ರವೇಶವೇ ಇಲ್ಲ. 1968ರಲ್ಲಿ ಅದನ್ನು ಬರೆಯುವಾಗ ತಾನು ಗಂಡಸರ ವೀರಕಥೆಗಳ ದಾರಿಯಲ್ಲೇ ನಡೆದಿದ್ದೆ ಎಂದು ಅವರು 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಭಾಷಣದಲ್ಲಿ ಬಿಚ್ಚಿ ಹೇಳಿದರು. ಆದರೂ ಹಳೆಯ ಪುಸ್ತಕಗಳನ್ನು ತಿದ್ದಲು ಹೋಗಲಿಲ್ಲ. ಅದೇ ದ್ವೀಪ, ಅದೇ ಗಾದೆ, ಅದೇ ಜನ ಇಟ್ಟುಕೊಂಡು ಈ ಸಲ ಹೆಂಗಸರ ಕಡೆಯ ಬಾಗಿಲಿಂದ ಒಳಗೆ ಬಂದರು. ಒಬ್ಬ ಲೇಖಕಿ ತಾನೇ ಗೆದ್ದ ಕಥೆಯನ್ನು ಹೀಗೆ ಪ್ರಶ್ನೆ ಮಾಡಿಕೊಳ್ಳುವುದು ದೊಡ್ಡ ಧೈರ್ಯ ಅಂತ ನನಗನ್ನಿಸುತ್ತದೆ.

ಮಾಸ್ ಅನ್ನುವ ಹಳ್ಳಿ ಮಾಟಗಾತಿಯ ಮಾತು ನೆನಪಿಸಿಕೊಳ್ಳಿ. ಗಂಡಸು ಚಿಪ್ಪಿನೊಳಗಿನ ಕಾಯಿಯ ಹಾಗೆ, ಚಿಪ್ಪಿನ ತುಂಬ ಅವನೇ ಇರುತ್ತಾನೆ ಅನ್ನುತ್ತಾಳೆ. ಅವನ ಶಕ್ತಿ ಹೋಯಿತೋ, ಚಿಪ್ಪು ಖಾಲಿ. ಪುಸ್ತಕ ಈ ಮಾತನ್ನು ಒಪ್ಪಿ ಕೂರುವುದಿಲ್ಲ. ಗೆಡ್ ಚಳಿಗಾಲಕ್ಕೆ ಬೆಟ್ಟದಿಂದ ಇಳಿದು ಬರುತ್ತಾನೆ. ಟೆನಾರ್ ಮನೆಗೆ ರಾತ್ರಿ ನುಗ್ಗಲು ಬಂದ ಗಂಡಸರನ್ನು ತಡೆಯುತ್ತಾನೆ. ಅವನ ಕೈಯಲ್ಲಿ ಆಗ ಮಂತ್ರದಂಡ ಇಲ್ಲ, ಹುಲ್ಲು ಎತ್ತುವ ಕವೆಗೋಲು. ಸಮುದ್ರಯಾನ ಇಲ್ಲ ಅಂದಿರಿ, ಒಪ್ಪಿದೆ. ಕಾದಾಟ ಮಾತ್ರ ಇದೆ. ಒಬ್ಬ ಸಾಮಾನ್ಯ ಮನುಷ್ಯ ಭಯಪಡುತ್ತಲೇ ಮಾಡುವ ಕಾದಾಟ. ಆಮೇಲೆ ಅವನು ಆ ಮನೆಯಲ್ಲೇ ಉಳಿಯುತ್ತಾನೆ. ಟೆನಾರ್‌ಳ ಮಗ ಸ್ಪಾರ್ಕ್ ಸಮುದ್ರದಿಂದ ವಾಪಸ್ ಬಂದು, ಮನೆಗೆಲಸವೆಲ್ಲ ಹೆಂಗಸರದ್ದು ಅನ್ನುವ ಗತ್ತಿನಲ್ಲಿ ಕೂರುತ್ತಾನೆ. ಒಂದು ಕಾಲಕ್ಕೆ ಮಂತ್ರಗಾರರಿಗೆಲ್ಲ ಗುರುವಾಗಿದ್ದ ಗೆಡ್‌ಗೆ ಆ ಕೆಲಸ ಮಾಡಲು ಸಂಕೋಚವೇ ಇಲ್ಲ. ನಿಮಗೆ ಪಾತ್ರೆ ಅನ್ನಿಸಿದ್ದು ಆ ಭಾಗವೇ ಇರಬೇಕು. ನನಗೆ ಈಗ ಇಡೀ ಸರಣಿಯಲ್ಲೇ ಹೆಚ್ಚು ಇಷ್ಟದ ಜಾಗಗಳಲ್ಲಿ ಅದೊಂದು.

ಅಪ್ಪನ ವಿಷಯ ಅರ್ಧಕ್ಕೆ ಬಿಟ್ಟೆ. ಅಮ್ಮ ಹೂ ಕಟ್ಟಿ ಪೇಟೆಯ ಅಂಗಡಿಗೆ ಕೊಡುತ್ತಿದ್ದಳು. ಒಂದು ಸಂಜೆ ಅಪ್ಪ ಅವಳ ಪಕ್ಕ ಬಂದು ಕೂತು, ‘ಕೊಡೇ ಇಲ್ಲಿ’ ಅಂದರು. ನೆನೆಸಿದ ಬಾಳೆನಾರನ್ನು ಬೆರಳಿಗೆ ಸುತ್ತಿಕೊಂಡರು. ಮೊಗ್ಗಿನ ತೊಟ್ಟನ್ನು ಉಗುರಿನಿಂದ ತಡಕಿ, ಎರಡು ಈ ಕಡೆ, ಎರಡು ಆ ಕಡೆ ಇಟ್ಟು ಗಂಟು ಬಿಗಿದರು. ಮೊದಲ ವಾರ ಎಲ್ಲ ಉದುರಿ ಹೋಗುತ್ತಿತ್ತು. ಬಿಗಿದರೆ ತೊಟ್ಟು ಕತ್ತರಿಸುತ್ತಿತ್ತು, ಸಡಿಲ ಬಿಟ್ಟರೆ ಮೊಗ್ಗು ಜಾರುತ್ತಿತ್ತು. ತಿಂಗಳೊಳಗೆ ಅಮ್ಮನಿಗಿಂತ ಒತ್ತಾಗಿ ಕಟ್ಟುತ್ತಿದ್ದರು. ಹಳೆಯ ಕಂಡಕ್ಟರೊಬ್ಬರು ಬಂದಾಗ ಜಗಲಿಯಿಂದ ಏಳಲಿಲ್ಲ. ಮಡಿಲಲ್ಲಿ ಅಬ್ಬಲಿಗೆ ಇಟ್ಟುಕೊಂಡೇ ಮಾತಾಡಿದರು. ನಮ್ಮ ಬೀದಿಯಲ್ಲಿ ಆಡಿಕೊಂಡವರೂ ಇದ್ದರು, ಗಂಡಸು ಹೂ ಕಟ್ಟುತ್ತಾನೆ ಅಂತ.

ನೀವು ಈಗಲೇ ಒಪ್ಪಬೇಕು ಅಂತ ಇಲ್ಲ. ಮೊದಲ ಸಲ ಓದಿದಾಗ ನಾನೂ ಒಪ್ಪಿರಲಿಲ್ಲ. ಪುಸ್ತಕ ಯಾರಿಗೂ ಕೊಡಬೇಡಿ, ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಮೊದಲ ಎರಡು ಪುಸ್ತಕ ಓದಿ ಮೂರನೆಯದು ಹಿಡಿದಿದ್ದಾಳೆ. ನಾಲ್ಕನೆಯದನ್ನೂ ಕೊಡಬಹುದಾ?
– ಒಬ್ಬ ತಾಯಿ, ಮೈಸೂರು

ಉತ್ತರ: ಈಗ ಬೇಡಮ್ಮ. ಮೂರನೆಯದಕ್ಕೆ 1973ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂದದ್ದು ಮಕ್ಕಳ ಪುಸ್ತಕಗಳ ವಿಭಾಗದಲ್ಲಿ. ‘ತೆಹಾನು’ಗೆ ಬಂದದ್ದು ವಿಜ್ಞಾನ ಕಥೆ, ಫ್ಯಾಂಟಸಿಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿ, ಅದು ದೊಡ್ಡವರ ಕಾದಂಬರಿಗಳ ಜೊತೆ ಸ್ಪರ್ಧಿಸಿ ಗೆದ್ದದ್ದು. ಹೊರಗಿನ ರಟ್ಟು ನೋಡಿದರೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಇದರ ಮೊದಲ ಪುಟಗಳಲ್ಲೇ ಒಂದು ಪುಟ್ಟ ಹುಡುಗಿ ಬರುತ್ತಾಳೆ. ಅವಳ ಮೇಲೆ ಸ್ವಂತದವರೇ ಅತ್ಯಾಚಾರ ಮಾಡಿ, ಹೊಡೆದು, ಬೆಂಕಿಗೆ ತಳ್ಳಿರುತ್ತಾರೆ. ಮುಖದ ಒಂದು ಭಾಗ ಸುಟ್ಟು ಒಂದು ಕಣ್ಣು ಹೋಗಿದೆ, ಒಂದು ಕೈ ಪಕ್ಷಿಯ ಉಗುರಿನಂತೆ ಮುರುಟಿದೆ. ಲೇಖಕಿ ಅದನ್ನು ರಂಜಿಸಿ ಬರೆದಿಲ್ಲ, ಕಡಿಮೆ ಮಾತಲ್ಲಿ ಹೇಳಿದ್ದಾರೆ. ಆದರೂ ಹನ್ನೊಂದು ವರ್ಷದ ಮಗು ಒಬ್ಬಳೇ ಕೂತು ಓದುವ ವಿಷಯ ಅಲ್ಲ.

ಅವಳಿಗೆ ಹದಿನೈದು, ಹದಿನಾರು ಆಗಲಿ. ಆಗ ನೀವೂ ಓದಿ, ಅವಳೂ ಓದಲಿ. ಟೆನಾರ್ ಆ ಮಗುವಿಗೆ ‘ಥೆರು’ ಅಂತ ಹೆಸರಿಟ್ಟು, ಸುಟ್ಟ ಮುಖದಿಂದ ಕಣ್ಣು ತಪ್ಪಿಸದೆ ನೋಡುತ್ತಾಳೆ, ಬೇರೆಯವರು ನೋಡುವ ರೀತಿಗೆ ಸಿಟ್ಟಾಗುತ್ತಾಳೆ, ಈ ಮಗುವನ್ನು ನನ್ನಿಂದ ಕಾಪಾಡಲು ಆಗುತ್ತದಾ ಅಂತ ಹೆದರುತ್ತಾಳೆ. ಅದರ ಬಗ್ಗೆ ತಾಯಿ, ಮಗಳು ಕೂತು ಮಾತಾಡಲು ತುಂಬಾ ಇದೆ. ಸದ್ಯಕ್ಕೆ ಮೂರನೆಯದನ್ನು ನಿಧಾನವಾಗಿ ಓದಲಿ ಬಿಡಿ. ಅದರಲ್ಲಿ ಸಾವಿನ ವಿಷಯ ಬರುತ್ತದೆ, ಕೇಳಿದರೆ ಹಾರಿಸದೆ ಉತ್ತರ ಕೊಡಿ.

ಪ್ರಶ್ನೆ: ಗೆಡ್ ಕಪ್ಪಗಿದ್ದಾನಾ? ನಾನು ಓದಿದ ಪ್ರತಿಯ ರಕ್ಷಾಪುಟದಲ್ಲಿ ಬೆಳ್ಳಗಿನವನ ಚಿತ್ರ ಇದೆ. ಒಳಗೆ ಬೇರೆ ಥರ ಬರೆದಿದೆ. ಗೊಂದಲ ಆಯಿತು.
– ಓದುಗರು, ಕಲಬುರಗಿ

ಉತ್ತರ: ಒಳಗೆ ಇರುವುದೇ ಸರಿ. ಗೆಡ್‌ನದು ಕೆಂಪು ಮಿಶ್ರಿತ ಕಂದು ಮೈಬಣ್ಣ. ಅವನ ಗೆಳೆಯ ವೆಚ್ ಇನ್ನೂ ಕಪ್ಪು. ದ್ವೀಪಗಳ ಹೆಚ್ಚಿನ ಜನ ಕಂದು ಬಣ್ಣದವರೇ. ಬೆಳ್ಳಗಿರುವವರು ಕಾರ್ಗ್ ಜನ, ಮೊದಲ ಪುಸ್ತಕದಲ್ಲಿ ದಾಳಿ ಮಾಡಲು ಬರುತ್ತಾರಲ್ಲ, ಅವರು. ಲೆ ಗ್ವಿನ್ ಇದನ್ನು ಬೇಕೆಂದೇ ಮಾಡಿದ್ದು. ರಕ್ಷಾಪುಟ ಮಾಡುವವರು ಮಾತ್ರ ವರ್ಷಗಟ್ಟಲೆ ಅವನನ್ನು ಬೆಳ್ಳಗೆ ಮಾಡುತ್ತಲೇ ಬಂದರು. 2004ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ಸರಣಿಯಲ್ಲೂ ಬಿಳಿಯ ನಟನನ್ನೇ ಹಾಕಿದರು. ಲೆ ಗ್ವಿನ್ ಸುಮ್ಮನಿರಲಿಲ್ಲ. ತನ್ನ ಕಥೆಯ ಬಣ್ಣವನ್ನೇ ತೊಳೆದುಬಿಟ್ಟಿದ್ದಾರೆ ಎಂದು ಲೇಖನ ಬರೆದು ಹೇಳಿದರು.

‘ತೆಹಾನು’ವಿನಲ್ಲಿ ಇದು ಇನ್ನೂ ಮುಖ್ಯ. ಟೆನಾರ್ ಕಾರ್ಗ್ ನಾಡಿನವಳು. ಗಾಂಟ್‌ನಲ್ಲಿ ಅವಳೊಬ್ಬಳೇ ಬೆಳ್ಳಗಿನ ಹೆಂಗಸು. ಊರವರು ಅವಳನ್ನು ಕರೆಯುವ ‘ಗೋಹಾ’ ಅನ್ನುವ ಹೆಸರು ಅಲ್ಲಿನ ಒಂದು ಬಿಳಿ ಜೇಡದ್ದು. ಇಪ್ಪತ್ತೈದು ವರ್ಷ ಆ ಊರಲ್ಲಿ ಬಾಳಿ, ಮದುವೆಯಾಗಿ, ಎರಡು ಮಕ್ಕಳನ್ನು ಬೆಳೆಸಿದರೂ ಹೊರಗಿನವಳು ಅನ್ನುವುದು ಪೂರ್ತಿ ಹೋಗಿಲ್ಲ. ನಮ್ಮ ಶಾಲೆಯ ಮಕ್ಕಳಿಗೆ ಮೊದಲ ಪುಸ್ತಕದ ಕಥೆ ಹೇಳುವಾಗ ನಾನು ಗೆಡ್‌ನ ಬಣ್ಣವನ್ನು ತಪ್ಪದೇ ಹೇಳುತ್ತೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಹಂಗಾರೆ ನನ್ ಥರಾನಾ ಮಿಸ್?’ ಅಂದ. ಹೌದು, ನಿನ್ನ ಥರಾನೇ ಅಂದೆ.

ಪ್ರಶ್ನೆ: ‘ತೆಹಾನು’ಗೆ ‘ಕೊನೆಯ ಪುಸ್ತಕ’ ಅಂತ ಅಡಿಬರಹ ಇದೆ. ಆದರೆ ಅಂಗಡಿಯಲ್ಲಿ ಆರು ಪುಸ್ತಕ ಇವೆ. ಯಾವುದು ನಿಜ?
– ಓದುಗರು, ಮಂಗಳೂರು

ಉತ್ತರ: ಆಗ ಅವರು ಕೊನೆಯದು ಅಂತಲೇ ಬರೆದದ್ದು. ಆಮೇಲೆ 2001ರಲ್ಲಿ ಇನ್ನೆರಡು ಬಂದವು. ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಸಣ್ಣ ಕಥೆಗಳ ಸಂಕಲನ, ‘ದಿ ಅದರ್ ವಿಂಡ್’ ಕಾದಂಬರಿ. ಸಂಕಲನವನ್ನು ಮೊದಲು ಓದಿ. ಅದರ ಕೊನೆಯ ಕಥೆ ಓದದೆ ಕಾದಂಬರಿಗೆ ಹೋದರೆ ಒಂದು ಪಾತ್ರ ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಲೆ ಗ್ವಿನ್ 2018ರ ಜನವರಿಯಲ್ಲಿ ತೀರಿಕೊಂಡರು. ಗೆಡ್‌ನ ಕೊನೆಯ ದಿನಗಳ ಬಗ್ಗೆ ಅವರು ಬರೆದಿಟ್ಟಿದ್ದ ಒಂದು ಸಣ್ಣ ಕಥೆ ಅದೇ ವರ್ಷ ಪ್ರಕಟವಾಯಿತು. ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಪುಸ್ತಕ ನನಗೆ ತುಂಬಾ ಹಿಡಿಸಿತು. ಆದರೆ ಕೊನೆ ಒಪ್ಪಿಗೆಯಾಗಲಿಲ್ಲ. ಅಷ್ಟು ಹೊತ್ತು ನೆಲದ ಮೇಲಿನ ಬದುಕು ತೋರಿಸಿ, ಕೊನೆಗೆ ಡ್ರ್ಯಾಗನ್ ಬಂದು ಕೆಟ್ಟವನನ್ನು ಸುಟ್ಟು ಎಲ್ಲರನ್ನೂ ಉಳಿಸುತ್ತದೆ. ಇದು ಸುಲಭದ ದಾರಿ ಅಲ್ವಾ? ನೀವೇನಂತೀರಿ?
– ನಿವೃತ್ತ ಶಿಕ್ಷಕಿ, ಶಿರಸಿ

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಹೌದು, ಅರ್ಧ ಅಲ್ಲ ಅನ್ನುತ್ತೇನೆ ಮೇಡಂ.

ಹೌದು ಅನ್ನುವುದು ಆಸ್ಪೆನ್ ವಿಷಯಕ್ಕೆ. ಆ ಮಂತ್ರಗಾರನ ಪಾತ್ರ ನನಗೂ ತೆಳುವಾಗಿ ಕಂಡಿತು. ಅವನ ದ್ವೇಷದ ಮಾತು ಕೇಳುತ್ತೇವೆ, ಅವನೊಳಗೆ ಇಣುಕುವುದಿಲ್ಲ. ಟೆನಾರ್ ಮತ್ತು ಗೆಡ್ ಇಬ್ಬರನ್ನೂ ಮಂತ್ರದಿಂದ ನಾಯಿಯಂತೆ ಕಟ್ಟಿ ಬಂಡೆಯ ಅಂಚಿಗೆ ಎಳೆದೊಯ್ಯುವ ಭಾಗ ಬಹಳ ಗಡಿಬಿಡಿಯಲ್ಲಿ ಮುಗಿಯುತ್ತದೆ. ಪುಸ್ತಕದ ಉಳಿದ ಭಾಗದ ನಿಧಾನಕ್ಕೆ ಅದು ಹೊಂದುವುದಿಲ್ಲ.

ಅಲ್ಲ ಅನ್ನುವುದು ಡ್ರ್ಯಾಗನ್ ವಿಷಯಕ್ಕೆ. ಕಲೆಸಿನ್ ತಾನಾಗಿ ಬರುವುದಿಲ್ಲ. ಥೆರು ಕರೆದಿದ್ದಕ್ಕೆ ಬರುತ್ತದೆ. ಪುಸ್ತಕದ ಉದ್ದಕ್ಕೂ ಹೆಚ್ಚು ಮಾತಾಡದ, ಮಾತಾಡಿದರೂ ಒರಟು ಪಿಸುದನಿಯ ಆ ಮಗು ಡ್ರ್ಯಾಗನ್‌ಗಳ ಭಾಷೆಯಲ್ಲಿ ಅದನ್ನು ಕರೆಯುತ್ತದೆ. ಮಂತ್ರಗಾರರು ವರ್ಷಗಟ್ಟಲೆ ಕಲಿಯುವ ಭಾಷೆ ಅದು. ಅವಳಿಗೆ ಯಾರೂ ಕಲಿಸಿಲ್ಲ. ಸಾಯುವಾಗ ಗೆಡ್‌ನ ಗುರು, ಮುದುಕ ಓಗಿಯನ್, ಟೆನಾರ್‌ಗೆ, ಇವಳಿಗೆ ಎಲ್ಲ ಕಲಿಸು, ರೋಕ್‌ಗೆ ಕಳಿಸಬೇಡ ಅಂದಿದ್ದು ಇದಕ್ಕೇ. ರೋಕ್‌ನ ಪಂಡಿತರು ‘ಗಾಂಟ್‌ನಲ್ಲಿ ಒಬ್ಬ ಹೆಂಗಸು’ ಅನ್ನುವ ಸುಳಿವು ಹಿಡಿದು ತಮ್ಮ ಮುಂದಿನ ಗುರುವನ್ನು ಹುಡುಕುತ್ತಾ ಬಂದರೂ, ಟೆನಾರ್ ಪಕ್ಕದಲ್ಲೇ ಇದ್ದ ಈ ಮಗು ಅವರ ಲೆಕ್ಕಕ್ಕೇ ಬರಲಿಲ್ಲ.

ಲೇಖಕಿ ಇದನ್ನು ಕೊನೆಗೆ ತಂದು ಹಾಕಿಲ್ಲ. ಮೊದಲೇ ನಮ್ಮ ಕೈಗೆ ಕೊಟ್ಟಿದ್ದಾರೆ. ನೇಕಾರನ ಮನೆಯ ದೃಶ್ಯ ನೆನಪಿದೆಯಾ? ರೆ ಆಲ್ಬಿ ಹಳ್ಳಿಯ ಮುದಿ ನೇಕಾರನ ಗೋಡೆಯ ಮೇಲೆ ಒಂದು ಹಳೆಯ ಬೀಸಣಿಗೆ ಇದೆ, ಚಿತ್ರ ಬರೆದದ್ದು. ಅವನ ಹೆಸರೂ ಅದರಿಂದಲೇ ಬಂದದ್ದು. ಒಂದು ಕಡೆ ರೇಷ್ಮೆ ಬಟ್ಟೆಯ ಗಂಡಸರು, ಹೆಂಗಸರು, ಹ್ಯಾವ್ನರ್ ಪಟ್ಟಣದ ಗೋಪುರ, ಸೇತುವೆ. ಎಲ್ಲರೂ ನೋಡುವುದು ಆ ಕಡೆ. ತಿರುಗಿಸಿದರೆ ಹಿಂದೆ ಡ್ರ್ಯಾಗನ್‌ಗಳು. ನೇಕಾರ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಾನೆ. ಆಗ ಎರಡೂ ಬದಿಯ ಚಿತ್ರ ಒಂದರೊಳಗೊಂದು ಸೇರಿ, ಆ ಗಂಡಸರು ಹೆಂಗಸರಿಗೆಲ್ಲ ರೆಕ್ಕೆ ಮೂಡುತ್ತದೆ. ಮನುಷ್ಯರೂ ಡ್ರ್ಯಾಗನ್‌ಗಳೂ ಮೊದಲು ಒಂದೇ ಆಗಿದ್ದರು ಅನ್ನುವ ಕಥೆಯನ್ನು ಟೆನಾರ್ ಅಷ್ಟರಲ್ಲಾಗಲೇ ಥೆರುವಿಗೆ ಹೇಳಿರುತ್ತಾಳೆ. ಮುದುಕ ಸುಮ್ನೆ ನಿನಗೆ ಕಾಣುತ್ತದಾ ಅಂತ ಕೇಳುತ್ತಾನೆ, ಅಷ್ಟೇ.

ಈ ದೃಶ್ಯವನ್ನು ನಾನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದ್ದೆ. ಅವರು ಹೂ ಕಟ್ಟುತ್ತಾ ಕೇಳುತ್ತಿದ್ದರು. ಬೀಸಣಿಗೆ ಬೆಳಕಿಗೆ ಹಿಡಿಯುವಲ್ಲಿಗೆ ಬಂದಾಗ ಕೈ ನಿಲ್ಲಿಸಿ, ‘ಅದನ್ನ ಇನ್ನೊಂದ್ಸಲ ಓದು’ ಅಂದರು. ಓದಿದೆ. ಮತ್ತೆ ನಾರು ಎತ್ತಿಕೊಂಡರು.